ಭೂಶಾಖ: ಹೀಟ್ ಪಂಪ್ ಮತ್ತು ಫರ್ನೇಸ್

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರ ಬೇಕಿಲ್ಲ. ಬೇಕಾದದ್ದು ಸ್ನಾನಕ್ಕೆ ಬಿಸಿನೀರು. ಆದರೂ ಮನೆ ಬೆಚ್ಚಗಿಡಲು ಹೀಟ್ ಪಂಪೋ ಫರ್ನೇಸೋ ಎಂಬ ಶೀತ ದೇಶಗಳ ಆಯ್ಕೆಯ ಹಿಂದಿನ ವಿಜ್ಞಾನವನ್ನು ಇಲ್ಲಿನ ಬಚ್ಚಲುಮನೆಯಲ್ಲೇ ಕಲಿಯಬಹುದು.

ಫರ್ನೇಸ್ ಇಂಧನವನ್ನು ಸುಡುತ್ತದೆ. ಇಂಧನದಲ್ಲಿ ಇರುವಷ್ಟಕ್ಕಿಂತ ಹೆಚ್ಚು ಶಾಖ ಅದರಿಂದ ಬರದು. ನಮ್ಮ ಹಂಡೆ ಒಲೆಯೂ ಹಾಗೆಯೇ. ಹೀಟ್ ಪಂಪ್ ಶಾಖವನ್ನು ಉತ್ಪಾದಿಸುವುದಿಲ್ಲ, ಫ್ರಿಜ್ಜಿನಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ. ಹಾಗಾಗಿ 1 ಯೂನಿಟ್ ವಿದ್ಯುತ್ತಿಗೆ ಸುಮಾರು 3ರಿಂದ 4 ಯೂನಿಟ್ ಶಾಖ ಸಿಗುತ್ತದೆ. ಈ ಅನುಪಾತವೇ ಸಿಒಪಿ (ಕಾರ್ಯಕ್ಷಮತಾ ಗುಣಾಂಕ). 100 ಲೀಟರ್ ನೀರನ್ನು 25ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಗೀಸರಿಗೆ ಸುಮಾರು 2.3 ಯೂನಿಟ್ ಬೇಕು. ಸಿಒಪಿ 3 ಇರುವ ಪಂಪಿಗೆ 0.8 ಸಾಕು. ಬಿಸಿಲು ಧಾರಾಳವಾಗಿರುವ ಈ ಸೀಮೆಯಲ್ಲಿ, ನೆಲದಿಂದ ಶಾಖ ಎಳೆಯುವ ಪಂಪಿಗಾಗಿ ಕೊಳವೆ ಹೂಳುವ ಖರ್ಚಿಗಿಂತ ಸೋಲಾರ್ ಹೀಟರ್ ಮೇಲು.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲಿ: ಮನೆಯ ಭೂಶಾಖ ಪಂಪ್ ಬಳಸುವುದು ನೆಲದ ಮೇಲ್ಪದರದ ಸ್ಥಿರ ಉಷ್ಣತೆಯನ್ನು, ಅದು ಬಹುಪಾಲು ಸೂರ್ಯನಿಂದ ಬಂದದ್ದು. ಲಡಾಖಿನ ಪೂಗಾ ಕಣಿವೆಯಲ್ಲಿರುವುದು ಭೂಮಿಯ ಆಳದ ಶಾಖ; ಅಲ್ಲಿ ವಿದ್ಯುತ್ ಯೋಜನೆಗೆ ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. 'ಭೂಶಾಖ' ಎಂಬ ಪದ ಕಂಡಾಗ ಪ್ರಶ್ನೆ ಪಂಪಿನದೋ ವಿದ್ಯುತ್ ಸ್ಥಾವರದ್ದೋ ನೋಡಿ ಉತ್ತರಿಸಿ.