ಹಳೇ ಹಾಡಿನ ಸಂಕಲನ ಆರಿಸೋದು ಹೇಗೆ: ತಾತನ ಪೆನ್‌ಡ್ರೈವ್ ಕಲಿಸಿದ ಪಾಠ

ಹೋದ ಕಾರ್ತಿಕದಲ್ಲಿ ಗಣಪನ ಜಾತ್ರೆಗೆ ಅಂತ ಗೂಳೂರಿಗೆ ಹೋಗಿದ್ದೆ. ಹಾಸ್ಟೆಲ್‌ನಲ್ಲಿರೋ ಹೊರಜಿಲ್ಲೆಯವರಿಗೆ ಹೇಳ್ತೀನಿ: ತುಮಕೂರಿಂದ ಕುಣಿಗಲ್ ರಸ್ತೆ ಹಿಡಿದರೆ ಐದಾರು ಕಿಲೋಮೀಟರಿಗೆ ನಮ್ಮೂರು. ಆಳೆತ್ತರವನ್ನೂ ಮೀರಿದ ಮಣ್ಣಿನ ಗಣಪನಿಗೆ ಬಲಿಪಾಡ್ಯಮಿಯಿಂದ ಪೂಜೆ ಶುರುವಾದರೆ ಕೆರೆಗೆ ಬಿಡೋವರೆಗೂ ಊರಲ್ಲಿ ಜನವೋ ಜನ.

ತಾತನಿಗೆ ಆಗಷ್ಟೇ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಟಿವಿ ಬೇಡ, ಮೊಬೈಲ್ ಬೇಡ, ಪೇಪರ್ ಅಂತೂ ಬೇಡವೇ ಬೇಡ. ಉಳಿದಿದ್ದು ಕಿವಿ ಒಂದೇ. ಜಾತ್ರೆಯಲ್ಲಿ ಒಂದು ಪೆನ್‌ಡ್ರೈವ್ ತಂದೆ. ಮೇಲೆ ಅಣ್ಣಾವ್ರ ಫೋಟೋ, ಒಳಗೆ 500 ಹಾಡು. ಸ್ಪೀಕರಿಗೆ ಚುಚ್ಚಿ ಹಾಕಿದೆ. ತಾತ ಎರಡು ಹಾಡು ಕೇಳಿ, ಮೂರನೆಯದು ಶುರುವಾಗುತ್ತಲೇ, "ಆರಿಸ್ಬುಡು ಮಗಾ. ಹಾಡು ಅದೇಯ, ಆದ್ರೆ ಆವಯ್ಯ ಅಲ್ಲ ಇದು" ಅಂದರು.

'ಆವಯ್ಯ' ಅಂದರೆ ಪಿ.ಬಿ. ಶ್ರೀನಿವಾಸ್. ನಾನೋ ಎಲೆಕ್ಟ್ರಾನಿಕ್ಸ್ ಓದೋನು, ಸಿಗ್ನಲ್ಸ್ ಪೇಪರಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡೋನು. ನನಗೆ ವ್ಯತ್ಯಾಸವೇ ಗೊತ್ತಾಗಿರಲಿಲ್ಲ. ಅವತ್ತಿಂದ ಎರಡು ವಾರ ಕೂತು ನಾನೇ ಒಂದು ಸಂಕಲನ ಕಟ್ಟಿದೆ. ಅದರಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಹೆಸರಿನ ಗೊಂದಲ. 'ರಾಜ್‌ಕುಮಾರ್ ಹಾಡುಗಳು' ಅಂದರೆ ಯಾರ ದನಿ? 60ರ ದಶಕದ ಅಣ್ಣಾವ್ರ ಹಾಡು ಅಂದರೆ ಬಹುತೇಕ ಪಿ.ಬಿ.ಎಸ್. ಕಂಠ. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ಅಣ್ಣಾವ್ರು ತಮ್ಮ ಪಾತ್ರಕ್ಕೆ ತಾವೇ ಹಾಡೋದು ರೂಢಿಯಾಯ್ತು. ಆದರೆ ಅದೇ 1974ರ 'ಎರಡು ಕನಸು' ಚಿತ್ರದಲ್ಲಿ ಹಾಡಿದ್ದು ಪಿ.ಬಿ.ಎಸ್. ಹಾಗಾಗಿ ನಟನ ಹೆಸರಲ್ಲಿ ಹುಡುಕಿದರೆ ಎರಡು ಕಾಲ, ಎರಡು ಕಂಠ ಕಲಸಿಹೋಗುತ್ತೆ. ಕೇಳೋರಿಗೆ ಯಾವ ಕಾಲ ಬೇಕು ಅಂತ ಮೊದಲು ಕೇಳಿ. ನಮ್ಮ ತಾತನಿಗೆ ಬೇಕಿದ್ದು ವಿಜಯಭಾಸ್ಕರ್ ಸಂಗೀತದ 'ನಾಂದಿ' (1964), ರಾಜನ್-ನಾಗೇಂದ್ರರ 'ಮಂತ್ರಾಲಯ ಮಹಾತ್ಮೆ' (1966), ಜಿ.ಕೆ. ವೆಂಕಟೇಶರ 'ಕಸ್ತೂರಿ ನಿವಾಸ' (1971). ಅಲ್ಲಿಂದೀಚೆಗೆ ಅವರಿಗೆ ಅಷ್ಟಕ್ಕಷ್ಟೆ.

ಎರಡನೆಯದು, ಮೂಲವೋ ಮರುಗಾಯನವೋ ಅನ್ನೋದು. ಹಳೇ ಹಾಡನ್ನ ಬೇರೆಯವರ ಕೈಲಿ ಹಾಡಿಸಿ ಮಾರೋದು ಕ್ಯಾಸೆಟ್ ಕಾಲದಲ್ಲೇ ದೊಡ್ಡ ವ್ಯಾಪಾರ. ಅದೇನೂ ಕಳ್ಳಮಾಲೇ ಆಗಬೇಕಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. 2012ರ ತಿದ್ದುಪಡಿಯಲ್ಲಿ ಬಂದ 31ಸಿ ಕಲಂ ಪ್ರಕಾರ, ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ರಾಯಧನ ಕಟ್ಟಿ ಮರುಗಾಯನ ಮಾಡಬಹುದು. ಆದರೆ ಇದು ಮರುಗಾಯನ ಅಂತ ಕವರ್ ಮೇಲೆ ಬರೀಬೇಕು. ಮೂಲ ಗಾಯಕರ ಹೆಸರಾಗಲಿ ಚಿತ್ರವಾಗಲಿ ಹಾಕೋ ಹಾಗಿಲ್ಲ, ಜನಕ್ಕೆ ಗೊಂದಲ ಆಗಬಾರದು. ನಾನು ತಂದಿದ್ದರ ಮೇಲೆ ಅಣ್ಣಾವ್ರು ನಗ್ತಾ ಇದ್ದರು! ಕಿವಿಗೆ ಸುಲಭದ ಗುರುತು: ಪೀಠಿಕೆಯಲ್ಲಿ ವಯಲಿನ್‌ಗಳ ಗುಂಪು ಕೇಳಬೇಕಾದ ಕಡೆ ಕೀಬೋರ್ಡ್, ತಬಲಾ ಜಾಗದಲ್ಲಿ ರಿದಮ್ ಪ್ಯಾಡ್ ಬಂದರೆ ಅಲ್ಲೇ ಬಿಡಿ.

ಈಗ ನಮ್ಮ ಬ್ರಾಂಚಿನ ವಿಷಯ. ಫೈಲ್ ಸೈಜ್ ನೋಡಿ ಮೋಸ ಹೋಗಬೇಡಿ. ಸಿಡಿ ಗುಣಮಟ್ಟ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಎರಡು ಚಾನೆಲ್; ಗುಣಿಸಿದರೆ ಸುಮಾರು 1,411 ಕಿಲೋಬಿಟ್. 128ರ ಎಂಪಿ3 ಇದರ ಹನ್ನೊಂದನೇ ಒಂದು ಭಾಗ. ಯಾರೋ ಪುಣ್ಯಾತ್ಮ 128ರ ಫೈಲನ್ನೇ 320ಕ್ಕೆ ಬದಲಾಯಿಸಿ ಇಟ್ಟಿರ್ತಾನೆ. ಸೈಜ್ ಎರಡೂವರೆ ಪಟ್ಟು, ದನಿ ಮಾತ್ರ ಅದೇ. ಸ್ಪೆಕ್ಟ್ರಮ್ ತೆಗೆದರೆ 16 ಕಿಲೋಹರ್ಟ್ಸ್ ಮೇಲೆ ಕತ್ತರಿ ಹಾಕಿದ ಹಾಗೆ ಖಾಲಿ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ. ನಿಜ. ಆದರೆ 1964ರ ಸಿನಿಮಾ ಹಾಡಲ್ಲಿ ಅಷ್ಟು ಎತ್ತರದಲ್ಲಿ ಸಂಗೀತ ಇರೋದೇ ಅಪರೂಪ, ಇದ್ದರೆ ಬರೀ ಸುಯ್ ಅನ್ನೋ ಸದ್ದು. ಹಾಗಾಗಿ ಈ ಪರೀಕ್ಷೆ ಹಳೇ ಹಾಡಿಗೆ ಪೂರ್ತಿ ನಂಬೋ ಹಾಗಿಲ್ಲ.

ನಂಬಬಹುದಾದ್ದು ಇನ್ನೊಂದಿದೆ. ಈ ಹಾಡುಗಳೆಲ್ಲ ಮಾನೋ, ಅಂದರೆ ಎಡಕಿವಿಗೂ ಬಲಕಿವಿಗೂ ಒಂದೇ ಸಿಗ್ನಲ್. ಆಡಾಸಿಟಿಯಲ್ಲಿ ಫೈಲ್ ತೆರೆದು, ಎರಡು ಚಾನೆಲ್ ಬೇರೆ ಮಾಡಿ, ಒಂದನ್ನ ಇನ್ವರ್ಟ್ ಮಾಡಿ ಕೂಡಿಸಿ. ಶುದ್ಧ ಮಾನೋ ಆದರೆ ಪೂರ್ತಿ ಮೌನ. ಗ್ರಾಮಫೋನ್ ತಟ್ಟೆಯಿಂದ ಸ್ಟೀರಿಯೋ ಮುಳ್ಳಿನಲ್ಲಿ ಇಳಿಸಿದ್ದಾದರೆ ಹಾಡು ಮುಕ್ಕಾಲುವಾಸಿ ಮಾಯವಾಗಿ ಚಟಪಟ ಸದ್ದು ಉಳಿಯುತ್ತೆ. ಅದು ಒಳ್ಳೇ ಲಕ್ಷಣ, ಪಾಪ ಯಾರೋ ಅಸಲಿ ತಟ್ಟೆಯಿಂದಲೇ ತೆಗೆದಿದ್ದಾರೆ. ಗಾಯಕರ ದನಿ ಬಾವಿಯೊಳಗಿಂದ ಬಂದ ಹಾಗೆ ಉಳಿದರೆ, ಯಾರೋ ಎಕೋ ತುಂಬಿ ಸುಳ್ಳು ಸ್ಟೀರಿಯೋ ಮಾಡಿದ್ದಾರೆ ಅಂತ ಅನುಮಾನ ಪಡಿ. ನನ್ನ 500ರಲ್ಲಿ ಮೊದಲ ಇಪ್ಪತ್ತಕ್ಕೆ ಇದನ್ನ ಮಾಡಿ ನೋಡಿ, ಸುಸ್ತಾಗಿ ಕೈಬಿಟ್ಟೆ.

ಆಯ್ಕೆಯ ನಿಯಮ ಏನಿರಬೇಕು ಅನ್ನೋದೇ ಕೊನೆಗೆ ಕಷ್ಟದ ಪ್ರಶ್ನೆ. ಇದಕ್ಕೆ ಬೀಟಲ್ಸ್ ಒಳ್ಳೇ ಉದಾಹರಣೆ. 2000ದಲ್ಲಿ ಬಂದ '1' ಸಂಕಲನದ ನಿಯಮ, ಬ್ರಿಟನ್ ಅಥವಾ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು ಅನ್ನೋದು. 27 ಹಾಡು, ಒಂದೇ ಸಿಡಿ. ಅಚ್ಚುಕಟ್ಟು. ಆದರೆ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಅದರಲ್ಲಿಲ್ಲ, ಯಾಕಂದ್ರೆ ಬ್ರಿಟನ್ನಿನಲ್ಲಿ ಅದು ಎರಡಕ್ಕೇ ನಿಂತಿತ್ತು. ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ 'ನಾರ್ವೇಜಿಯನ್ ವುಡ್' ಕೂಡ ಇಲ್ಲ. ಅದು ಬೇಕಂದ್ರೆ 1973ರ ಕೆಂಪು ಕವರಿನ '1962–1966'ಕ್ಕೆ ಹೋಗಬೇಕು. ಅದರಲ್ಲಿ 26 ಹಾಡು, ಜೊತೆಯ ನೀಲಿ ಕವರಿನದರಲ್ಲಿ 28. 2023ರಲ್ಲಿ ಈ ಎರಡನ್ನೂ ಹಿಗ್ಗಿಸಿ ಒಟ್ಟು 75 ಮಾಡಿದರು, ಆಗ ನೀಲಿಗೆ ಹ್ಯಾರಿಸನ್ನರ 'ವಿದಿನ್ ಯೂ ವಿದೌಟ್ ಯೂ' ಸೇರಿತು. ನನ್ನ ಅಭಿಪ್ರಾಯ ಕೇಳಿದರೆ, ಹೊಸಬರಿಗೆ ಕೆಂಪು-ನೀಲಿಯೇ ವಾಸಿ. ಕಾಲಕ್ರಮದಲ್ಲಿ ಹೋಗೋದರಿಂದ ಒಂದು ಗುಂಪು ಹೇಗೆ ಬದಲಾಯ್ತು ಅಂತ ಕೇಳಿಸುತ್ತೆ. ರ‍್ಯಾಂಕ್ ಪಟ್ಟಿಯಲ್ಲಿ ಅದು ಸಿಗಲ್ಲ.

ಹಾಗೇ ನಾನೂ ಕಾಲಕ್ರಮ ಹಿಡಿದೆ. 1964ರಿಂದ 1974, ಪಿ.ಬಿ.ಎಸ್. ಕಂಠ ಮಾತ್ರ, ಮೂಲ ಧ್ವನಿಮುದ್ರಣ ಮಾತ್ರ, ಒಟ್ಟು 31 ಹಾಡು. ಊರಿಗೆ ಹೋಗಿ ಹಾಕಿದೆ. ತಾತ ಜಗಲಿ ಮೇಲೆ ಕಪ್ಪು ಕನ್ನಡಕ ಹಾಕ್ಕೊಂಡು ಕೂತು, ಒಂದರ ಹಿಂದೆ ಒಂದು ಸುಮಾರು ಒಂದೂವರೆ ಗಂಟೆ ಕೇಳಿದರು. ಮಧ್ಯೆ ಅಜ್ಜಿ ಕಾಫಿ ತಂದರೆ ಕೈಸನ್ನೆಯಲ್ಲೇ ಇಡಿಸಿದರು. ಆಮೇಲೆ, "ವೀರಕೇಸರಿದು ಎಲ್ಲೋ?" ಅಂದರು.

ಇರಲಿಲ್ಲ. 'ವೀರಕೇಸರಿ' 1963ರದು, ನನ್ನ ಗೆರೆಯಿಂದ ಒಂದು ವರ್ಷ ಆಚೆ. ಸಾಲದ್ದಕ್ಕೆ, ತಾತ ಕೇಳಿದ ಆ ಯುಗಳಗೀತೆ ಹಾಡಿದ್ದು ಪಿ.ಬಿ.ಎಸ್. ಅಲ್ಲ, ಘಂಟಸಾಲ ಮತ್ತು ಪಿ. ಸುಶೀಲಾ. ನನ್ನ ಎರಡೂ ನಿಯಮಕ್ಕೂ ಹೊರಗಿನ ಹಾಡು. ತಾತನಿಗೆ ಹೇಳಿದರೆ, "ಅದ್ಯಾರ್ ಹಾಡಿದ್ರೇನ್ಲಾ, ಅಣ್ಣಾವ್ರ ಪಿಚ್ಚರ್ ತಾನೆ" ಅಂತ ನನ್ನನ್ನೇ ಬೈದರು. 32ನೇದಾಗಿ ಸೇರಿಸಿದ್ದೀನಿ. ಕಾಲಕ್ರಮದಲ್ಲಿ ಅದು ಮೊದಲು ಬರಬೇಕು ಅಂತ ಫೈಲಿನ ನಂಬರೆಲ್ಲ ಮತ್ತೆ ಬದಲಾಯಿಸ್ತಾ ಕೂತಿದ್ದೀನಿ.