ಮುಖ ತೋರಿಸುವ ಮುನ್ನ, ಫೋನು ಕೊಡುವ ಮುನ್ನ

ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್ 1ರಂದು ಡಿಜಿಯಾತ್ರಾ ಶುರುವಾಯಿತು. ದೆಹಲಿ, ವಾರಾಣಸಿಯಲ್ಲೂ ಅದೇ ದಿನ. ಸುದ್ದಿಯಲ್ಲಿ ಎದ್ದು ಕಂಡದ್ದು ಅನುಕೂಲದ ಮಾತು: ಉದ್ದದ ಸಾಲಿಲ್ಲ, ಕಾಗದ ಪತ್ರವಿಲ್ಲ, ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಗೇಟು ತೆರೆಯುತ್ತದೆ. ಆ ಮುಖದ ಚಿತ್ರ ಯಾರ ಕೈಸೇರುತ್ತದೆ, ಅದಕ್ಕೆ ಹೊಣೆ ಯಾರು, ಬೇಡ ಎಂದವರು ಯಾವ ದಾರಿಯಲ್ಲಿ ಹೋಗಬೇಕು ಎಂಬುದಕ್ಕೆ ಅಷ್ಟು ಜಾಗ ಸಿಗಲಿಲ್ಲ. ಹೆಬ್ಬಾಳ, ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ವಿಮಾನಕ್ಕೆ ಹೊರಟವರಿಗೆ ನಿಜಕ್ಕೂ ಗೊತ್ತಿರಬೇಕಾದದ್ದು ಇವೇ.

ಡಿಜಿಯಾತ್ರಾ ಸರ್ಕಾರದ ಇಲಾಖೆಯಲ್ಲ. ಅದನ್ನು ನಡೆಸುವುದು ಡಿಜಿಯಾತ್ರಾ ಫೌಂಡೇಷನ್. 2019ರಲ್ಲಿ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿ ನೋಂದಣಿಯಾದ, ಲಾಭದ ಉದ್ದೇಶವಿಲ್ಲದ ಕಂಪನಿ. ಅದರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ 26. ಉಳಿದ ಶೇ 74 ಬೆಂಗಳೂರು, ದೆಹಲಿ, ಮುಂಬೈ, ಹೈದರಾಬಾದ್, ಕೊಚ್ಚಿ ವಿಮಾನ ನಿಲ್ದಾಣಗಳ ಕಂಪನಿಗಳದು. ನೀತಿ ರೂಪಿಸಿದ್ದು ವಿಮಾನಯಾನ ಸಚಿವಾಲಯ, ಗೇಟಿನಲ್ಲಿ ಕಾವಲಿಗೆ ನಿಂತಿರುವುದು ಸಿಐಎಸ್‌ಎಫ್. ಆದರೆ ದತ್ತಾಂಶದ ಬಗ್ಗೆ ಕೇಳಹೊರಟರೆ, ಫೌಂಡೇಷನ್ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಸಚಿವಾಲಯದ ನಿಲುವು. ಸರ್ಕಾರದ ಅಧಿಕಾರವೂ ಕಂಪನಿಯ ಗುಟ್ಟೂ ಹೀಗೆ ಒಂದೆಡೆ ಸೇರಿದಾಗ ಪ್ರಯಾಣಿಕ ಯಾರನ್ನು ಕೇಳಬೇಕು? ಈ ವ್ಯವಸ್ಥೆಯ ಮೇಲಿನ ಅನುಮಾನಕ್ಕೆ ಗಟ್ಟಿ ಕಾರಣ ಇದು.

ಮುಖದ ದತ್ತಾಂಶ ಪ್ರಯಾಣಿಕರ ಫೋನಿನಲ್ಲೇ ಇರುತ್ತದೆ, ನಿಲ್ದಾಣಕ್ಕೆ ಹೋದದ್ದು ವಿಮಾನ ಹೊರಟ 24 ಗಂಟೆಯೊಳಗೆ ಅಳಿಯುತ್ತದೆ ಎಂದು ಭರವಸೆ ಕೊಡಲಾಗಿದೆ. ಆದರೆ 2018ರ ಡಿಜಿಯಾತ್ರಾ ನೀತಿಯನ್ನು ಬಿಡಿಸಿ ನೋಡಿದರೆ, ಭದ್ರತೆಯ ಅಗತ್ಯ ಬಿದ್ದಾಗ ಅಳಿಸುವ ಅವಧಿಯನ್ನು ಬದಲಿಸಬಹುದು ಎಂದಿದೆ. ಭದ್ರತಾ ಸಂಸ್ಥೆಗಳಿಗೆ ಆಯಾ ಕಾಲದ ನಿಯಮದಂತೆ ದತ್ತಾಂಶ ಕೊಡಬಹುದು ಎಂದೂ ಇದೆ. ಸುದ್ದಿಯಾದದ್ದು ಭರವಸೆ, ನೀತಿಯ ಒಳಗೆ ಉಳಿದದ್ದು ವಿನಾಯಿತಿ.

ಡಿಜಿಯಾತ್ರಾ ಕಡ್ಡಾಯವಲ್ಲ. ಗೇಟಿನಲ್ಲಿ ಏನೆಂದು ತಿಳಿಯುವ ಮೊದಲೇ ಮುಖದ ಚಿತ್ರ ತೆಗೆದರು ಎಂದು ಪ್ರಯಾಣಿಕರು ದೂರಿದ ಮೇಲೆ ಸರ್ಕಾರವೂ ಇದನ್ನು ಮತ್ತೆ ಹೇಳಬೇಕಾಯಿತು. ಟಿಕೆಟ್ಟು, ಜೊತೆಗೆ ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್ ತೋರಿಸಿ ಎಂದಿನ ಗೇಟಿನಲ್ಲಿ ಹೋಗಲು ಯಾರ ಅಪ್ಪಣೆಯೂ ಬೇಡ. ಯಾರಾದರೂ ಫೋನು ಕೇಳಿ ಆ್ಯಪ್ ಹಾಕಿಕೊಡಲು ಮುಂದಾದರೆ, 'ನಾನು ಮಾಮೂಲಿ ಗೇಟಿನಲ್ಲೇ ಹೋಗುತ್ತೇನೆ' ಎಂದರಾಯಿತು. ವಯಸ್ಸಾದ ತಂದೆ ತಾಯಿಯನ್ನು ಒಬ್ಬರೇ ಕಳಿಸುವ ಮನೆಯವರು ಈ ಮಾತನ್ನು ಅವರಿಗೆ ಮೊದಲೇ ಹೇಳಿಕೊಟ್ಟಿರುವುದು ಒಳ್ಳೆಯದು.

ಬೇಡ ಎನ್ನುವ ಈ ಹಕ್ಕಿನ ಹಿಂದೆ ಬೆಂಗಳೂರಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಸರ್ಕಾರ ಅದರೊಳಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ತೆಗೆದುಕೊಳ್ಳುವ ಕ್ರಮ ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 'ಯಾವ ಕಾನೂನಿನಡಿ?' ಎಂದು ಕೇಳುವ ಪ್ರತಿ ನಾಗರಿಕರೂ ಅವರಿಗೆ ಋಣಿ.

ರಸ್ತೆಯಲ್ಲಿ ಪೊಲೀಸರು ಫೋನು ಕೇಳಿದಾಗ ಈ ಪ್ರಶ್ನೆ ಕೇಳುವುದು ಇನ್ನೂ ಕಷ್ಟ. ಇದಕ್ಕೂ ಕರ್ನಾಟಕ ಹೈಕೋರ್ಟಿನಲ್ಲೇ ಉತ್ತರವಿದೆ. ಮಾದಕ ವಸ್ತು ಪ್ರಕರಣವೊಂದರಲ್ಲಿ ಆರೋಪಿ ಫೋನಿನ ಪಾಸ್‌ವರ್ಡ್ ಕೊಡಬೇಕು, ಸುಳ್ಳುಪತ್ತೆ ಪರೀಕ್ಷೆಗೂ ಒಳಗಾಗಬೇಕು ಎಂದು ಬೆಂಗಳೂರಿನ ವಿಚಾರಣಾ ನ್ಯಾಯಾಲಯ ಆದೇಶಿಸಿತ್ತು. ವೀರೇಂದ್ರ ಖನ್ನಾ ವಿರುದ್ಧ ಕರ್ನಾಟಕ ರಾಜ್ಯ ಎಂದು ಹೆಸರಾದ ಆ ಪ್ರಕರಣದಲ್ಲಿ 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಆ ಆದೇಶವನ್ನು ರದ್ದುಪಡಿಸಿದರು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು; ಕೊಡುವುದು ಬಿಡುವುದು ಆರೋಪಿಯ ಇಚ್ಛೆ. ಕೊಡದಿದ್ದರೆ ಪೊಲೀಸರು ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ಪಡೆಯಬೇಕು. ತೀರಾ ತುರ್ತಿದ್ದರೆ ಮಾತ್ರ, ಕಾರಣವನ್ನು ಬರೆದಿಟ್ಟು, ವಾರಂಟ್ ಇಲ್ಲದೆ ಹುಡುಕಬಹುದು. ಸಿಕ್ಕ ಖಾಸಗಿ ವಿವರವನ್ನು ಕೋರ್ಟಿನ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ.

ತೀರ್ಪಿನ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಪಾಸ್‌ವರ್ಡ್ ಕೊಟ್ಟರೆ ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತೆ ಆಗುವುದಿಲ್ಲ ಎಂದು ಕೋರ್ಟು ಹೇಳಿದೆ. ಹಾಗಾಗಿ ವಾರಂಟ್ ಬಂದ ಮೇಲೂ ಫೋನು ತೆರೆಯಲು ಒಪ್ಪದವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಯಶವಂತಪುರದಲ್ಲೋ ಆರ್.ಟಿ. ನಗರದಲ್ಲೋ ರಾತ್ರಿ ನಾಕಾಬಂದಿಯಲ್ಲಿ ಬೈಕ್ ನಿಲ್ಲಿಸಿದ ಹುಡುಗನಿಗೆ ಇದರ ಅರ್ಥ ಇಷ್ಟು: ಚಾಲನಾ ಪರವಾನಗಿ, ಗಾಡಿಯ ದಾಖಲೆ ತೋರಿಸಲೇಬೇಕು. ವಾಟ್ಸ್‌ಆ್ಯಪ್ ತೆರೆದು ತೋರಿಸು ಎಂದರೆ, ಯಾವ ಪ್ರಕರಣ, ಯಾವ ಸೆಕ್ಷನ್ ಎಂದು ಶಾಂತವಾಗಿ ಕೇಳಬಹುದು. ಮಾದಕ ವಸ್ತು ಕಾಯ್ದೆಯಲ್ಲಿ ಪೊಲೀಸರಿಗೆ ಹೆಚ್ಚಿನ ಅಧಿಕಾರವಿದ್ದರೂ ಅದಕ್ಕೂ ಅನುಮಾನಕ್ಕೊಂದು ಆಧಾರ ಬೇಕು. ಜಗಳಕ್ಕೆ ಇಳಿಯುವುದು, ಫೋನು ಕಿತ್ತುಕೊಳ್ಳುವುದು ಅಪಾಯ. ಅಧಿಕಾರಿಯ ಹೆಸರು, ಠಾಣೆ, ಹೊತ್ತು ನೆನಪಿಟ್ಟುಕೊಂಡು ಆಮೇಲೆ ಡಿಸಿಪಿ ಕಚೇರಿಗೆ ಅಥವಾ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ದೂರು ಕೊಟ್ಟರೆ ಅದಕ್ಕೆ ತೂಕವಿರುತ್ತದೆ.

ಫೋನನ್ನು ವಶಕ್ಕೆ ಪಡೆದರೆ ಮಹಜರಿನ ಪ್ರತಿ ಕೇಳಬೇಕು. ಅದರಲ್ಲಿ ಐಎಂಇಐ ಸಂಖ್ಯೆ, ಫೋನು ಆಗ ಆನ್ ಇತ್ತೇ ಆಫ್ ಆಗಿತ್ತೇ ಎಂಬುದು ಬಂದಿದೆಯೇ ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಪೊಲೀಸರ ಕರ್ತವ್ಯ. ಫೋನು ತಿಂಗಳುಗಟ್ಟಲೆ ಠಾಣೆಯಲ್ಲೇ ಉಳಿದರೆ, ಮರಳಿ ಕೊಡಿಸುವಂತೆ 503ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ಸೇವೆಗಳ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಬಹುದು. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಮನೆ ಬಾಗಿಲಿಗೆ ಬಂದು ವಿವರ ಕೇಳುವವರ ವಿಷಯದಲ್ಲಿ ಬೆಂಗಳೂರಿಗೆ ಕಹಿ ಅನುಭವವಿದೆ. 2022ರ ನವೆಂಬರ್‌ನಲ್ಲಿ ಬಯಲಾದ ಚಿಲುಮೆ ಪ್ರಕರಣದಲ್ಲಿ, ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದ ಖಾಸಗಿ ಸಂಸ್ಥೆಯ ಜನ ಬೂತ್ ಮಟ್ಟದ ಅಧಿಕಾರಿಗಳೆಂಬ ಗುರುತಿನ ಚೀಟಿ ಧರಿಸಿ ಮತದಾರರ ವಿವರ ಸಂಗ್ರಹಿಸಿದ ಆರೋಪ ಬಂತು. ಚುನಾವಣಾ ಆಯೋಗದ ಸೂಚನೆಯಂತೆ ಇಬ್ಬರು ಹಿರಿಯ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯ ಮರುಪರಿಶೀಲನೆ ನಡೆಯಿತು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂದಾಗ ಹೈಕೋರ್ಟು ಅದಕ್ಕೆ ತಡೆ ಕೊಡಲಿಲ್ಲ. ಆದರೆ ಭಾಗವಹಿಸುವುದು ಐಚ್ಛಿಕ ಎಂದು ಮೊದಲೇ ತಿಳಿಸಬೇಕು, ಒತ್ತಾಯಿಸಬಾರದು, ದತ್ತಾಂಶ ಗೋಪ್ಯವಾಗಿರಬೇಕು ಎಂದು ಸೆಪ್ಟೆಂಬರ್ 25ರಂದು ಮಧ್ಯಂತರ ಆದೇಶ ಕೊಟ್ಟಿತು. ಸಮೀಕ್ಷೆಗೆ ಉತ್ತರಿಸುವುದು ಬಿಡುವುದು ಅವರವರ ತೀರ್ಮಾನ. ಉತ್ತರಿಸುವವರೂ ಬಂದವರ ಗುರುತಿನ ಚೀಟಿ, ಕಳಿಸಿದ ಕಚೇರಿ, ಆದೇಶದ ಸಂಖ್ಯೆ ಕೇಳದೆ ಒಟಿಪಿ ಹೇಳಬಾರದು. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ತಿಳಿಯಲು 1950ಕ್ಕೆ ಕರೆ ಮಾಡಬಹುದು.

ಅಂಗಡಿ, ಮಾಲ್‌ಗಳ ಮಾತು ಇಷ್ಟೆ: ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದು ಪಟ್ಟುಹಿಡಿಯಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ ಓದುವ ಅವಕಾಶವನ್ನು ಅದು ಕೊಡುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು, ದತ್ತಾಂಶ ತಿದ್ದಿಸಬಹುದು, ಅಳಿಸಿಸಬಹುದು. ಆದರೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಆ ಅಧಿಸೂಚನೆಯ ಪ್ರಕಾರ ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು 18 ತಿಂಗಳ ನಂತರ. ಕೇಂದ್ರ ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು 17ನೇ ಸೆಕ್ಷನ್ ಅಡಿ ಕಾಯ್ದೆಯಿಂದಲೇ ಹೊರಗಿಡಬಹುದು. ಕಂಪನಿಗಳಿಗೆ ಇಷ್ಟು ಕಾಲಾವಕಾಶ ಸಿಕ್ಕಿದರೂ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಯನ್ನು ಬಿಗಿಗೊಳಿಸುವ ತಿದ್ದುಪಡಿ ಮಾತ್ರ ತಕ್ಷಣ ಜಾರಿಯಾಯಿತು. ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವುದು ಈಗ ಅಧಿಕಾರಿಗಳಿಗೆ ಸುಲಭ. ಪ್ರಜೆಗಳ ಗುಟ್ಟು ಕಾಯಲು ಬಂದ ಕಾಯ್ದೆ ಮೊದಲು ಕಾದದ್ದು ಆಡಳಿತದ ಗುಟ್ಟನ್ನು, ಇದು ಅನ್ಯಾಯ.

ಹಾಗೆಂದು ಮಾಹಿತಿ ಹಕ್ಕು ಅರ್ಜಿಯನ್ನು ಕೈಬಿಡಬೇಕಿಲ್ಲ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ನಗರದಲ್ಲಿ ಸಾವಿರಾರು ಕ್ಯಾಮೆರಾ ಹಾಕಲಾಗಿದೆ. ತಮ್ಮ ಬೀದಿಯ ಕ್ಯಾಮೆರಾ ಬಗ್ಗೆ ತಿಳಿಯಬೇಕೆನ್ನುವವರು ನಗರ ಪೊಲೀಸ್ ಆಯುಕ್ತರ ಕಚೇರಿಯ ಮಾಹಿತಿ ಅಧಿಕಾರಿಗೆ ಕನ್ನಡದಲ್ಲೇ ಬರೆಯಬಹುದು: ಮುಖ ಗುರುತಿಸುವ ತಂತ್ರಾಂಶ ಬಳಕೆಯಲ್ಲಿದೆಯೇ, ಯಾವ ಆದೇಶದಡಿ, ದೃಶ್ಯಾವಳಿ ಎಷ್ಟು ದಿನ ಇರುತ್ತದೆ, ಗುತ್ತಿಗೆ ಒಪ್ಪಂದದ ಪ್ರತಿ ಕೊಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ಶುಲ್ಕ 10 ರೂಪಾಯಿ. ಆನ್‌ಲೈನ್ ಅರ್ಜಿಗೂ ಅವಕಾಶವಿದೆ. ಡಿಜಿಯಾತ್ರಾ ಬಗ್ಗೆಯಾದರೆ ಫೌಂಡೇಷನ್‌ಗೆ ಬರೆಯುವ ಬದಲು ವಿಮಾನಯಾನ ಸಚಿವಾಲಯಕ್ಕೆ, ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಬರೆಯಬೇಕು. ಅವೆರಡೂ ಸಾರ್ವಜನಿಕ ಪ್ರಾಧಿಕಾರಗಳೇ.

ಭದ್ರತೆಯ ಕಾರಣ ಕೊಟ್ಟು ಪೂರ್ತಿ ನಿರಾಕರಿಸಿದರೆ, ಕೊಡಬಹುದಾದ ಭಾಗವನ್ನಾದರೂ ಬೇರ್ಪಡಿಸಿ ಕೊಡಿ ಎಂದು 10ನೇ ಸೆಕ್ಷನ್ ಹೆಸರಿಸಿ ಮೇಲ್ಮನವಿಯಲ್ಲಿ ಕೇಳಬೇಕು. ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಿದರೆ ಸಾರ್ವಜನಿಕ ಹಿತಾಸಕ್ತಿಯ 8(2)ನ್ನು ಎತ್ತಬೇಕು. ಉತ್ತರಕ್ಕೆ 30 ದಿನ, ಆಮೇಲೆ ಮೊದಲ ಮೇಲ್ಮನವಿಗೆ 30 ದಿನ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಎರಡನೇ ಮೇಲ್ಮನವಿ: ಪೊಲೀಸರ ವಿಷಯವಾದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ, ಸಚಿವಾಲಯದ ವಿಷಯವಾದರೆ ಕೇಂದ್ರ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ, ಅದನ್ನೂ ಮನವಿಯಲ್ಲಿ ಕೇಳಿ ಬರೆಯಬೇಕು.