ಗಾಣದ ಬಾಯಿಗೆ ಕೈ ಸಿಕ್ಕದಿರಲಿ



ಎತ್ತು ಕಟ್ಟಿ ಕಬ್ಬು ಅರೆಯುತ್ತಿದ್ದ ಕಾಲದಲ್ಲಿ "ಹೋ" ಎಂದರೆ ಎತ್ತು ನಿಲ್ಲುತ್ತಿತ್ತು, ಗಾಣವೂ ನಿಲ್ಲುತ್ತಿತ್ತು. ಈಗ ಆಲೆಮನೆಗಳಲ್ಲಿ ಗಾಣ ತಿರುಗಿಸುವುದು ಕರೆಂಟಿನ ಮೋಟಾರು, ಇಲ್ಲವೆ ಡೀಸೆಲ್ ಎಂಜಿನ್. ಇವಕ್ಕೆ ಕೂಗು ಕೇಳಿಸದು. ಕಬ್ಬು ಯಾವುದು, ಕೈ ಯಾವುದು ಎಂಬ ಭೇದವೂ ತಿಳಿಯದು. ಆದ್ದರಿಂದ ಅರೆಯುವುದಕ್ಕೆ ಮೊದಲೇ ಅಪಾಯವನ್ನು ಅಳೆದು ತಗ್ಗಿಸುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

1. ಅಪಾಯವನ್ನು ಗುರುತಿಸುವುದು

ಮೋಟಾರಿನ ಫ್ಯೂಸು ತೆಗೆದಿಟ್ಟು, ನಿಂತ ಗಾಣದ ಸುತ್ತ ಒಮ್ಮೆ ನಿಧಾನವಾಗಿ ನಡೆಯಿರಿ. ಕೈ, ಟವೆಲು, ಸೆರಗು, ಜಡೆ ಎಲ್ಲೆಲ್ಲಿ ಸಿಕ್ಕಬಹುದು ನೋಡಿ. ಕಬ್ಬು ಉಣಿಸುವ ಉರುಳೆಗಳ ಸಂದು, ಹಲ್ಲುಚಕ್ರಗಳು, ಬೆಲ್ಟು ರಾಟೆಯನ್ನು ಸೇರುವ ಜಾಗ, ಒದ್ದೆ ನೆಲದ ಮೇಲೆ ಹಾಯುವ ತಂತಿ ಇವು ಮುಖ್ಯವಾದವು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ: ಪೆಟ್ಟಾದರೆ ಎಷ್ಟು ದೊಡ್ಡದು? ದಿನಕ್ಕೆ ಎಷ್ಟು ಸಲ ಕೈ ಅಲ್ಲಿಗೆ ಹೋಗುತ್ತದೆ? ತಪ್ಪಿಸಿಕೊಳ್ಳಲು ಸಮಯವಿದೆಯೆ?

2. ಒಂದು ಲೆಕ್ಕ

ಉರುಳೆಯ ಅಡ್ಡಳತೆ 25 ಸೆಂ.ಮೀ. ಇದ್ದು, ಅದು ನಿಮಿಷಕ್ಕೆ 10 ಸುತ್ತು ಸುತ್ತುತ್ತದೆ ಎನ್ನೋಣ. ಒಂದು ಸುತ್ತಿಗೆ ಸುಮಾರು 78 ಸೆಂ.ಮೀ. ಕಬ್ಬು ಒಳಹೋಗುತ್ತದೆ, ಅಂದರೆ ಸೆಕೆಂಡಿಗೆ 13 ಸೆಂ.ಮೀ. ಬೆರಳ ತುದಿಯಿಂದ ಮಣಿಕಟ್ಟಿಗೆ ಸುಮಾರು 18 ಸೆಂ.ಮೀ. ಬೆರಳು ಸಿಕ್ಕಿದರೆ ಒಂದೂವರೆ ಸೆಕೆಂಡಿನೊಳಗೆ ಅಂಗೈ ಪೂರ್ತಿ ಹೋಗುತ್ತದೆ. ಅಷ್ಟರಲ್ಲಿ ಯಾರೂ ಓಡಿ ಸ್ವಿಚ್ಚು ಆರಿಸಲಾರರು. ಆರಿಸಿದರೂ ಭಾರದ ಚಕ್ರ ಕೂಡಲೇ ನಿಲ್ಲುವುದಿಲ್ಲ.

"ನಮ್ಮ ಆಳು ಪಳಗಿದವನು" ಎಂದು ಕೆಲವರು ಹೇಳುವುದುಂಟು. ಪಳಗಿದವನೇ ದಿನಕ್ಕೆ ನೂರಾರು ಸಲ ಕಬ್ಬು ಉಣಿಸುವವನು. ರಾತ್ರಿಪಾಳಿಯಲ್ಲಿ ತೂಕಡಿಸುವವನೂ ಅವನೇ. ಒಂದೇ ಸಲ ಕೈ ತಪ್ಪಿದರೆ ಸಾಕು.

3. ತಗ್ಗಿಸುವ ಕ್ರಮ

ಮೊದಲು ದೂರ ಮಾಡಿ, ಬಳಿಕ ಮರೆ ಮಾಡಿ, ಕೊನೆಗೆ ಎಚ್ಚರಿಕೆ ಹೇಳಿ. ಈ ಕ್ರಮ ಹಿಂದುಮುಂದಾಗಬಾರದು.

ದೂರ: ಉರುಳೆಗಳ ಮುಂದೆ ಮರದ ಇಲ್ಲವೆ ತಗಡಿನ ದೋಣಿ ಕೂಡಿಸಿ, ಅದರ ಒಳಭಾಗಕ್ಕೆ ಮೇಲ್ಮುಚ್ಚಳ ಹಾಕಿಸಿ. ಒಕ್ಕಣೆ ಯಂತ್ರಗಳ ಉಣಿಸುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಗಾಣಕ್ಕೂ ಇದೇ ಅಳತೆ ಹಿಡಿಯುವುದು ಒಳ್ಳೆಯದು. ಬಗ್ಗಿ ಕೈ ಚಾಚಿದರೂ ಉರುಳೆ ಮುಟ್ಟಬಾರದು. ಕಡೆಯ ತುಂಡನ್ನು ಕೈಯಿಂದ ತಳ್ಳದೆ ಮುಂದಿನ ಕಬ್ಬಿನಿಂದ ತಳ್ಳಿ.

ಮರೆ: ಬೆಲ್ಟಿಗೂ ಹಲ್ಲುಚಕ್ರಕ್ಕೂ ಬೆರಳು ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ರಿಪೇರಿಗೆಂದು ತೆಗೆದ ಜಾಲರಿಯನ್ನು ಮತ್ತೆ ಕೂಡಿಸದೆ ಗಾಣ ಓಡಿಸಬೇಡಿ. ಮೋಟಾರಿಗೆ ಅರ್ಥಿಂಗ್ ಮಾಡಿಸಿ.

ನಿಲುಗಡೆ: ಆರಿಸುವ ಗುಂಡಿ ಉಣಿಸುವವನ ಇನ್ನೊಂದು ಕೈಗೆ ಎಟುಕುವಂತಿರಲಿ. ಡೀಸೆಲ್ ಎಂಜಿನ್ನಾದರೆ ಅದರ ಬಳಿ ಒಬ್ಬರು ಸದಾ ಇರಲಿ.

ಎಚ್ಚರಿಕೆ: ಸಡಿಲ ಬಟ್ಟೆ, ಕೈಬಳೆ, ಹೆಗಲ ಮೇಲಿನ ಟವೆಲು ಬೇಡ. ಮಕ್ಕಳು ಗಾಣದ ಹತ್ತಿರ ಸುಳಿಯದಿರಲಿ. ಉರುಳೆಗೆ ಸುತ್ತಿದ ಸಿಪ್ಪೆಯನ್ನು ಗಾಣ ಪೂರ್ತಿ ನಿಂತ ಮೇಲೆಯೇ ಬಿಡಿಸಿ.

4. ಕೈ ಸಿಕ್ಕಿದರೆ

ಎಳೆಯಬೇಡಿ. ಗಾಣ ನಿಲ್ಲಿಸಿ, ಕರೆಂಟು ತೆಗೆದು, ಬೆಲ್ಟು ಕಳಚಿ, ರಾಟೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಗಾಯದ ಮೇಲೆ ಶುಭ್ರ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿಹಿಡಿಯಿರಿ. 108ಕ್ಕೆ ಫೋನು ಮಾಡಿ.

ಒಕ್ಕಣೆ ಯಂತ್ರಗಳ ಅಪಾಯವನ್ನು ತಡೆಯಲು, ಪೆಟ್ಟು ತಿಂದವರಿಗೆ ಪರಿಹಾರ ಒದಗಿಸಲು 1983ರಲ್ಲಿ ಪಾರ್ಲಿಮೆಂಟು ಅಪಾಯಕಾರಿ ಯಂತ್ರಗಳ ಕಾಯಿದೆಯನ್ನೇ ಮಾಡಿತು. ಆದರೆ ಯಾವ ಪರಿಹಾರದ ಹಣವೂ ಕಳೆದ ಕೈಯನ್ನು ತಂದುಕೊಡದು. ಊರಿನ ಬಡಗಿ, ಕಮ್ಮಾರರಿಂದಲೇ ಆಗುವ ಕೆಲಸವಿದು. ಈ ಸಲ ಒಲೆ ಹೊತ್ತಿಸುವ ಮುಂಚೆ ದೋಣಿಯನ್ನೂ ಜಾಲರಿಯನ್ನೂ ಕೂಡಿಸಿರಿ.